ಅಬ್ಬಿ ನೀರು ಮನೆಗೆ ತರುವ ಬಗೆ

ಕುದುರೆಮುಖ, ಕೊಡಚಾದ್ರಿ, ಆಗುಂಬೆ ಸುತ್ತಿನ ಒಂಟಿಮನೆಗಳಲ್ಲಿ ವಾರಗಟ್ಟಲೆ ಕರೆಂಟು ಇಲ್ಲದಿದ್ದರೂ ನೀರಿಗೆ ತೊಂದರೆಯಿಲ್ಲ. ಮನೆ ಮೇಲಿನ ಕಾನಿನಲ್ಲಿ (ದಟ್ಟ ಕಾಡಿನಲ್ಲಿ) ಹುಟ್ಟಿದ ಒರತೆ, ಅಂದರೆ ಅಬ್ಬಿ ನೀರು, ತಾನಾಗಿ ಇಳಿದು ಬಚ್ಚಲ ತೊಟ್ಟಿಗೆ ಬೀಳುತ್ತಿರುತ್ತದೆ. ಹಿಂದೆ ಅಡಿಕೆ ಮರ ಸೀಳಿದ ದಂಬೆಯಲ್ಲಿ ಬರುತ್ತಿದ್ದ ನೀರು ಈಗ ಕಪ್ಪು ಎಚ್‌ಡಿಪಿಇ (ಗಟ್ಟಿ ಪಾಲಿಥೀನ್) ಪೈಪಿನಲ್ಲಿ ಬರುತ್ತದೆ. ಪಂಪು ಬೇಡ, ಬಿಲ್ಲು ಬೇಡ. ಆದರೆ ಲೈನು ಎಳೆಯುವಾಗ ತಪ್ಪಿದರೆ ಮಳೆಗಾಲ ಪೂರ್ತಿ ಜಾರುವ ಗುಡ್ಡ ಹತ್ತಿ ಇಳಿಯುವುದೇ ಕೆಲಸವಾಗುತ್ತದೆ.

ಪೈಪು ತರುವ ಮೊದಲು ನೀರು ಅಳೆಯಿರಿ. ಅಳೆಯುವ ಕಾಲ ಏಪ್ರಿಲ್ ಕೊನೆ ಅಥವಾ ಮೇ ಮೊದಲ ವಾರ, ಅಡ್ಡಮಳೆ ಬೀಳುವ ಮುಂಚೆ. ಅಕ್ಟೋಬರಿನಲ್ಲಿ ಎಲ್ಲ ಕೊಲ್ಲಿಯಲ್ಲೂ (ಗುಡ್ಡದ ಸಂದಿನ ಕಣಿವೆಯಲ್ಲೂ) ನೀರಿರುತ್ತದೆ, ಆಗಿನ ಅಳತೆ ನಂಬಬೇಡಿ. ಒರತೆಯ ಕೆಳಗೆ ದಂಬೆ ಇಟ್ಟು, ಅದರ ತುದಿಗೆ ಹತ್ತು ಲೀಟರ್ ಬಕೆಟ್ ಹಿಡಿದು, ತುಂಬಲು ಎಷ್ಟು ಸೆಕೆಂಡು ಬೇಕೆಂದು ಮೂರು ಸಲ ನೋಡಿ. 50 ಸೆಕೆಂಡಿಗೆ ತುಂಬಿದರೆ ನಿಮಿಷಕ್ಕೆ 12 ಲೀಟರ್ ಆಯಿತು, ದಿನಕ್ಕೆ 17,000 ಲೀಟರ್ ದಾಟುತ್ತದೆ. ನಿಮಿಷಕ್ಕೆ ಎರಡೇ ಲೀಟರ್ ಬಂದರೂ ದಿನಕ್ಕೆ 2,880 ಲೀಟರ್. ಸರ್ಕಾರಿ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್; ದನಕರು ಸೇರಿಸಿದರೂ ಒಂದು ಮನೆಗೆ ಇದು ಧಾರಾಳ. ಹಾಗಾಗಿ ಸಣ್ಣ ಒರತೆಯೆಂದು ಬಿಟ್ಟು ದೂರದ ದೊಡ್ಡ ಹಳ್ಳಕ್ಕೆ ಹೋಗಬೇಡಿ. ರಾತ್ರಿಯಿಡೀ ತುಂಬಿಕೊಳ್ಳಲು 1,000 ಲೀಟರಿನ ಒಂದು ತೊಟ್ಟಿ ಇದ್ದರೆ ಸಾಕು. ಬೇಸಗೆಯಲ್ಲಿ ಇದ್ದ ನೀರನ್ನೆಲ್ಲ ಪೈಪಿಗೆ ತಿರುಗಿಸುವುದೂ ಸರಿಯಲ್ಲ. ಕೆಳಗಿನ ಮನೆಯವರು ಮತ್ತು ಕಾಡುಪ್ರಾಣಿಗಳು ನಂಬಿರುವುದು ಅದೇ ಹರಿವನ್ನು.

ಆಮೇಲೆ ಎತ್ತರ. ಮೊಬೈಲಿನ ಜಿಪಿಎಸ್ ತೋರಿಸುವ ಎತ್ತರ ಹತ್ತಾರು ಮೀಟರ್ ತಪ್ಪಿರಬಹುದು. ಗಾರೆ ಕೆಲಸದವರ ಪಾರದರ್ಶಕ ಲೆವೆಲ್ ಪೈಪಿಗೆ ನೀರು ತುಂಬಿ, ಇಬ್ಬರು ಎರಡು ತುದಿ ಹಿಡಿದು, ಮನೆಯಿಂದ ಮೇಲಕ್ಕೆ ಹಂತ ಹಂತವಾಗಿ ಅಳೆದು ಕೂಡಿಸುತ್ತಾ ಹೋಗಿ. ಇದೇ ಸುತ್ತಿನಲ್ಲಿ ದಾರಿಯ ಉಬ್ಬು ತಗ್ಗುಗಳನ್ನೂ ಗುರುತು ಮಾಡಿಕೊಳ್ಳಿ, ಮುಂದೆ ಬೇಕಾಗುತ್ತದೆ.

ಪೈಪಿನ ಗಾತ್ರದಲ್ಲಿ ಉಳಿತಾಯ ಮಾಡಲು ಹೋದವರೇ ಹೆಚ್ಚು ನಷ್ಟಪಡುವುದು. ನಿಮಿಷಕ್ಕೆ 12 ಲೀಟರ್ ಹರಿಯುವಾಗ ಒಂದು ಇಂಚಿನ, ಅಂದರೆ 32 ಮಿ.ಮೀ. ಪೈಪಿನಲ್ಲಿ ಪ್ರತಿ 100 ಮೀಟರಿಗೆ ಒಂದು ಮೀಟರಿಗಿಂತ ಕಡಿಮೆ ಎತ್ತರ ಘರ್ಷಣೆಗೆ ಹೋಗುತ್ತದೆ. ಮುಕ್ಕಾಲು ಇಂಚಿನದರಲ್ಲಿ ಸುಮಾರು ಎರಡೂವರೆ ಮೀಟರ್. ಅರ್ಧ ಇಂಚಿನದರಲ್ಲಿ ಒಂಬತ್ತು ಮೀಟರ್. 400 ಮೀಟರ್ ದೂರ, 20 ಮೀಟರ್ ಇಳಿಜಾರು ಇರುವ ಕಡೆ ಅರ್ಧ ಇಂಚಿನ ಪೈಪಿಗೆ ಅಷ್ಟು ನೀರು ತರುವ ಶಕ್ತಿಯಿಲ್ಲ. ಪೈಪಿನ ಗೋಡೆಯ ದಪ್ಪಕ್ಕೆ ಲೆಕ್ಕ ಬೇರೆ. ಹತ್ತು ಮೀಟರ್ ಇಳಿತಕ್ಕೆ ಚದರ ಸೆಂ.ಮೀ.ಗೆ ಒಂದು ಕೆ.ಜಿ. ಒತ್ತಡ, ಆದ್ದರಿಂದ 4 ಕೆ.ಜಿ. ಪೈಪು 40 ಮೀಟರಿನವರೆಗೆ, 6 ಕೆ.ಜಿ.ಯದು 60 ಮೀಟರಿನವರೆಗೆ. ಅದಕ್ಕಿಂತ ಹೆಚ್ಚಿದ್ದರೆ ನಡುವೆ 200 ಲೀಟರಿನ ಡ್ರಮ್ ಕೂರಿಸಿ ನೀರನ್ನು ಅದಕ್ಕೆ ಬೀಳಿಸಿ, ಅಲ್ಲಿಂದ ಹೊಸ ಲೈನು ಶುರು ಮಾಡಿ. ಮನೆಯ ತುದಿಗೆ ನಲ್ಲಿ ಹಾಕಿ ಮುಚ್ಚುವುದು ಬೇಡ. ತೊಟ್ಟಿ ತುಂಬಿ ಹೊರಚೆಲ್ಲಿದ್ದು ತೋಟಕ್ಕೆ ಹೋಗಲಿ. ಬಾಯಿ ತೆರೆದಿರುವ ಪೈಪಿನಲ್ಲಿ ಪೂರ್ತಿ ಒತ್ತಡ ನಿಲ್ಲುವುದಿಲ್ಲ.

ಒರತೆಯ ಕಣ್ಣನ್ನು ಅಗೆಯಬೇಡಿ, ಕಾಂಕ್ರೀಟು ಹಾಕಿ ಮುಚ್ಚಬೇಡಿ. ಹಿಂದೆ ಒತ್ತಡ ಬಿದ್ದರೆ ನೀರು ಬೇರೆ ದಾರಿ ಹಿಡಿಯುತ್ತದೆ. ಕಣ್ಣಿನಿಂದ ನಾಲ್ಕಾರು ಅಡಿ ಕೆಳಗೆ ಕಲ್ಲು ಮತ್ತು ಜೇಡಿಯಿಂದ ಮೊಣಕಾಲೆತ್ತರದ ಕಟ್ಟ ಹಾಕಿ, ಒಂದು ಬದಿ ತಗ್ಗು ಬಿಡಿ, ಹೆಚ್ಚಿನ ನೀರು ಅಲ್ಲಿಂದ ಹೋಗಲಿ. ಅದರೊಳಗೆ ಸುತ್ತ ತೂತು ಕೊರೆದ ಸಣ್ಣ ಪ್ಲಾಸ್ಟಿಕ್ ಡ್ರಮ್ ಇಟ್ಟು, ಸೊಳ್ಳೆಪರದೆಯಂಥ ನೈಲಾನ್ ಬಲೆ ಸುತ್ತಿ, ಸುತ್ತಲೂ ಗುಂಡುಕಲ್ಲು ತುಂಬಿ. ಪೈಪಿನ ಬಾಯಿ ಡ್ರಮ್ಮಿನ ತಳದಿಂದ ಒಂದು ಗೇಣು ಮೇಲೆ, ನೀರಿನ ಮಟ್ಟದಿಂದ ಒಂದು ಗೇಣು ಕೆಳಗೆ ಇರಬೇಕು. ತಳಕ್ಕೆ ತಾಗಿದರೆ ಮರಳು ಎಳೆಯುತ್ತದೆ, ಮೇಲಿದ್ದರೆ ಸುಳಿಯೆದ್ದು ಗಾಳಿ ಎಳೆಯುತ್ತದೆ. ಡ್ರಮ್ಮಿಗೆ ಹಗ್ಗ ಹಾಕಿ ಗಟ್ಟಿ ಮರಕ್ಕೆ ಕಟ್ಟಿಡಿ. ಏಡಿಗಳು ಕಟ್ಟದಲ್ಲಿ ಬಿಲ ಕೊರೆದು ನೀರು ಸೋರಿಸುವುದು ಸಾಮಾನ್ಯ, ಜೇಡಿ ಮೆತ್ತುತ್ತಲೇ ಇರಬೇಕು.

ಲೈನಿನ ನಿಜವಾದ ಶತ್ರು ಗಾಳಿ. ಪೈಪು ಇಳಿದು ಮತ್ತೆ ಏರಿದ ಉಬ್ಬಿನ ನೆತ್ತಿಯಲ್ಲಿ ಗಾಳಿ ಸೇರಿ ನೀರನ್ನು ತಡೆಯುತ್ತದೆ. ಸಾಧ್ಯವಾದಷ್ಟೂ ಗುಡ್ಡದ ಮಗ್ಗುಲು ಹಿಡಿದು ಇಳಿಯುತ್ತಲೇ ಬನ್ನಿ, ಹತ್ತಿಪ್ಪತ್ತು ಮೀಟರ್ ಪೈಪು ಹೆಚ್ಚಾದರೂ ಚಿಂತೆಯಿಲ್ಲ. ಉಬ್ಬು ತಪ್ಪಿಸಲಾಗದಿದ್ದರೆ ನೆತ್ತಿಯಲ್ಲಿ ಟೀ (ಮೂರು ಬಾಯಿಯ ಜೋಡಣೆ) ಹಾಕಿ ಸಣ್ಣ ವಾಲ್ವ್ ಕೂರಿಸಿ. ನೀರು ಹರಿಯುವಾಗ ವಾಲ್ವ್ ಸ್ವಲ್ಪ ತೆರೆದು ನೋಡಿ: ಗಾಳಿ ಬಿಟ್ಟು ನೀರು ಚಿಮ್ಮಿದರೆ ಸರಿಯಿದೆ. ಒಳಕ್ಕೆ ಎಳೆದುಕೊಂಡರೆ ಆ ಜಾಗ ಆ ಹರಿವಿಗೆ ತೀರಾ ಎತ್ತರ, ತೆರೆದಿಟ್ಟರೆ ಲೈನೇ ನಿಲ್ಲುತ್ತದೆ. ದಾರಿ ಬದಲಿಸಿ, ಇಲ್ಲವೇ ಮೇಲಿನ ಭಾಗಕ್ಕೆ ದೊಡ್ಡ ಪೈಪು ಹಾಕಿ. ನಿಂತ ಲೈನು ಬಿಡಿಸಲು ಕೆಳಗಿನ ತುದಿಯನ್ನು ಹೆಬ್ಬೆರಳಿನಿಂದ ಬಿಗಿಯಾಗಿ ಮುಚ್ಚಿ, ಒತ್ತಡ ಕಟ್ಟಿದ ಮೇಲೆ ಫಕ್ಕನೆ ಬಿಡಿ. ನಾಲ್ಕೈದು ಸಲ ಹೀಗೆ ಮಾಡಿದರೆ ಗಾಳಿ ಕೆಮ್ಮಿಕೊಂಡು ಹೊರಬರುತ್ತದೆ. ತಗ್ಗಿನಲ್ಲಿ ಕೂರುವುದು ಹೂಳು. ಅಲ್ಲೂ ಒಂದು ಟೀ, ಬಿಚ್ಚುವ ಮುಚ್ಚಳ ಇರಲಿ, ತಿಂಗಳಿಗೊಮ್ಮೆ ಬಿಟ್ಟು ತೊಳೆಯಿರಿ.

ಎಚ್‌ಡಿಪಿಇಗೆ ಪಿವಿಸಿ ಅಂಟು ಹಿಡಿಯುವುದಿಲ್ಲ. ಪೈಪಿನ ತುದಿಯನ್ನು ಕುದಿಯುವ ನೀರಿನಲ್ಲಿ ಅದ್ದಿ ಮೆತ್ತಗಾಗಿಸಿ ಜಾಯಿಂಟರ್‌ಗೆ ತುರುಕಿ, ಕ್ಲಿಪ್ಪು ಬಿಗಿಯಿರಿ. ಬೆಂಕಿಗೆ ನೇರ ಹಿಡಿದರೆ ಒಂದು ಬದಿ ತೆಳುವಾಗಿ ಅಲ್ಲೇ ಸೀಳುತ್ತದೆ. ತಾತ್ಕಾಲಿಕ ಸೋರಿಕೆಗೆ ಸೈಕಲ್ ಟ್ಯೂಬಿನ ಪಟ್ಟಿ ಎಳೆದು ಸುತ್ತಿದರೆ ಸಾಕು. ಬ್ಯಾಣ (ಹುಲ್ಲುಗಾವಲು) ದಾಟುವಲ್ಲಿ ಒಂದು ಅಡಿ ಹೂಳಿ, ಬೇಸಗೆಯ ಬೆಂಕಿಗೆ ಮೇಲಿದ್ದ ಪೈಪು ಕರಗಿಹೋಗುತ್ತದೆ. ಹಳ್ಳ ದಾಟುವಲ್ಲಿ ನೆರೆಯ ಗುರುತಿಗಿಂತ ಮೇಲೆ ತಂತಿ ಕಟ್ಟಿ ಅದಕ್ಕೆ ತೂಗಿಬಿಡಿ.

ಜೂನಿನ ಮೊದಲ ಜೋರು ಮಳೆಗೆ ಬೇಸಗೆಯ ತರಗೆಲೆಯೆಲ್ಲ ಒಮ್ಮೆಗೇ ಇಳಿದು ಬರುತ್ತದೆ. ಆ ಎರಡು ಮೂರು ದಿನ ಮೇಲಿನ ಜಾಯಿಂಟು ಬಿಚ್ಚಿಡಿ, ನೀರು ತಿಳಿಯಾದ ಮೇಲೆ ಸೇರಿಸಿ. ಕುಡಿಯುವ ನೀರನ್ನು ವರ್ಷವಿಡೀ ಕುದಿಸಿ. ಕುದಿಸದ ನೀರಿನಿಂದ ಭೇದಿ, ಇಲಿಜ್ವರ ಬರಬಹುದು. ತೊಟ್ಟಿಗೆ ಬ್ಲೀಚಿಂಗ್ ಪೌಡರ್ ಹಾಕುವುದಾದರೆ 1,000 ಲೀಟರಿಗೆ ಸುಮಾರು ಎರಡೂವರೆ ಗ್ರಾಂ, ಅದೂ ನೀರು ತಿಳಿಯಾಗಿದ್ದಾಗ ಮಾತ್ರ. ಕೆಸರು ನೀರಿನಲ್ಲಿ ಅದು ಕೆಲಸ ಮಾಡುವುದಿಲ್ಲ.

ಮೇಲೆ ಹೋಗುವವರ ಬಗ್ಗೆ ಒಂದು ಮಾತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣುಗಿನಿಂದ (ಉಣ್ಣೆಯಿಂದ) ಹರಡುತ್ತದೆ, ಅದರ ಕಾಲ ಡಿಸೆಂಬರಿನಿಂದ ಮೇ. ಅಂದರೆ ಒರತೆ ಅಳೆಯುವ, ಕಟ್ಟ ಕಟ್ಟುವ ಕಾಲವೇ. ತುಂಬುತೋಳು, ಕಾಲ್ಚೀಲದೊಳಗೆ ಸೇರಿಸಿದ ಪ್ಯಾಂಟು ಹಾಕಿ, ಬಂದ ಕೂಡಲೇ ಬಿಸಿನೀರು ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಒರತೆ ಅರಣ್ಯದೊಳಗಿದ್ದರೆ ಕಟ್ಟ ಕಟ್ಟುವ ಮುಂಚೆ ಇಲಾಖೆಯ ಅನುಮತಿ ಪಡೆಯಿರಿ. ಊರಿಗೆಲ್ಲ ಸೇರಿದ ಸರ್ಕಾರಿ ಯೋಜನೆಯಾದರೆ 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಂ ಕುಡಿಯುವ ನೀರಿನ ಪೈಪ್‌ಲೈನಿಗೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ ಬಳಸಲು ಅವಕಾಶ ಕೊಡುತ್ತದೆ, ಗ್ರಾಮಸಭೆಯ ಶಿಫಾರಸು ಬೇಕು.

ತೊಟ್ಟಿಯಿಂದ ಚೆಲ್ಲಿದ ನೀರು ಮನೆ ಹಿಂದಿನ ಧರೆಗೆ (ಕಡಿದಾದ ಮಣ್ಣಿನ ದಂಡೆಗೆ) ಇಂಗದಂತೆ ನೋಡಿಕೊಳ್ಳಿ, ನೆನೆದ ಧರೆ ಮಳೆಗೆ ಜರಿಯುತ್ತದೆ. ದಿನಗಟ್ಟಲೆ ಬಿಡದೆ ಮಳೆ ಹೊಯ್ಯುವಾಗ ತಿಳಿಯಾಗಿದ್ದ ಒರತೆ ಏಕಾಏಕಿ ಕೆಂಪು ಮಣ್ಣು ಕಾರಿದರೆ, ಪೂರ್ತಿ ನಿಂತರೆ, ಅಥವಾ ಒಣಗಿದ್ದ ಕಡೆ ಹೊಸ ಜಲ ಎದ್ದರೆ, ಪೈಪು ನೋಡಲು ಮೇಲೆ ಹತ್ತಬೇಡಿ. ಗುಡ್ಡ ಜರುಗುತ್ತಿರಬಹುದು. ದನಗಳ ಹಗ್ಗ ಬಿಚ್ಚಿ, ಮನೆಯವರೆಲ್ಲ ಕೊಲ್ಲಿಯ ದಾರಿ ಬಿಟ್ಟು ಪಕ್ಕದ ದಿಬ್ಬದತ್ತ ಹೋಗಿ, ಕೆಳಗಿನ ಮನೆಗಳಿಗೆ ಕೂಗಿ ಹೇಳಿ.