ಜೆರಾಕ್ಸ್ ಅಂಗಡಿಯ ಕಪ್ಪು ಹಲಗೆ

ಮೈಸೂರು ವಿಶ್ವವಿದ್ಯಾನಿಲಯದ ಆವರಣವಾದ ಮಾನಸಗಂಗೋತ್ರಿಯ ಆಸುಪಾಸಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟವನಿಗೆ ಜ್ಞಾನದ ತೂಕ ಚೆನ್ನಾಗಿ ಗೊತ್ತಿರುತ್ತದೆ. 75 ಜಿಎಸ್‌ಎಂ ಎ4 ಹಾಳೆಯ ಒಂದು ರೀಮ್ ಎಂದರೆ 500 ಹಾಳೆ, ಸುಮಾರು 2.3 ಕಿಲೋ. ಪಿಎಚ್.ಡಿ. ಪ್ರಬಂಧ ಒಪ್ಪಿಸುವ ಕಾಲದಲ್ಲಿ ಇಂಥ ಎಷ್ಟೋ ಕಿಲೋ ನನ್ನ ಕೈ ದಾಟಿ ಹೋಗಿವೆ. ಒಂದು ಗ್ರಾಮಾದರೂ ತಲೆಗೆ ಅಂಟಿಲ್ಲ. ಅಂಟಿದ್ದು ಹಾಳೆ ಹಿಡಿದು ನಿಂತವರ ಮಾತು, ಅವಸರ, ಮುಖಭಾವ. ಅದನ್ನೇ ದಿನಕ್ಕೊಂದು ಸಾಲು ಮಾಡಿ ಅಂಗಡಿಯ ಮುಂದಿನ ಕಪ್ಪು ಹಲಗೆಯ ಮೇಲೆ ಬರೆಯುತ್ತೇನೆ. ಹಲಗೆ ತಂದದ್ದು ದರಪಟ್ಟಿಗೆಂದು. ಈಗ ದರ ಕೆಳಗಿನ ಮೂಲೆಗೆ ಸರಿದಿದೆ. ಅದನ್ನು ಹೇಗೂ ಎಲ್ಲರೂ ಬಾಯಿಬಿಟ್ಟೇ ಕೇಳುತ್ತಾರೆ.

ಈ ಸಾಲುಗಳನ್ನು ಕಟ್ಟುವುದನ್ನು ನನಗೆ ಕಲಿಸಿದ್ದು ಗಾದೆಗಳು. ‘ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ’ ಎಂಬುದನ್ನೇ ನೋಡಿ. ಗರ್ವ, ಅಹಂಕಾರ, ಆಡಂಬರ ಇವು ಯಾವುವೂ ಅದರಲ್ಲಿಲ್ಲ. ಇರುವುದು ಒಂದು ಕೊಡೆ, ಒಂದು ಅರ್ಧರಾತ್ರಿ. ಮಳೆಯೂ ಇಲ್ಲ, ಬಿಸಿಲೂ ಇಲ್ಲ, ನೋಡುವವರೂ ಇಲ್ಲ. ಆದರೂ ಅವನು ಕೊಡೆ ಬಿಚ್ಚಿದ್ದಾನೆ. ಮನುಷ್ಯಸ್ವಭಾವದ ಬಗ್ಗೆ ಒಂದು ಗಂಟೆ ಭಾಷಣ ಮಾಡುವವರು ಈ ಕೊಡೆಯ ಕೆಳಗೆ ಸ್ವಲ್ಪ ಹೊತ್ತು ನಿಂತರೆ ಒಳ್ಳೆಯದು. ನಾನೂ ಗುಣವನ್ನು ಹೆಸರಿಸುವುದಿಲ್ಲ. ಒಂದು ವಸ್ತು ಹುಡುಕುತ್ತೇನೆ, ಅದು ಇರಬಾರದ ಹೊತ್ತಿನಲ್ಲಿ ಅಥವಾ ಜಾಗದಲ್ಲಿ ಅದನ್ನು ಇಡುತ್ತೇನೆ. ಸೋಮಾರಿತನದ ಬಗ್ಗೆ ಬರೆಯಬೇಕೆಂದು ಕುಳಿತರೆ ಏನೂ ಹೊಳೆಯುವುದಿಲ್ಲ. ಪರೀಕ್ಷೆಯ ಹಿಂದಿನ ಸಂಜೆ ಗೆಳೆಯನ ನೋಟ್ಸ್ ತಂದು ಸ್ಪೈರಲ್ ಬೈಂಡಿಂಗ್ ಮಾಡಿಸಿ, ಮೇಲೆ ಪಾರದರ್ಶಕ ಹಾಳೆಯೂ ಬೇಕೆನ್ನುವ ಹುಡುಗನನ್ನು ನೆನೆದರೆ ಸಾಲು ತಾನಾಗಿ ಬರುತ್ತದೆ: ‘ಜೆರಾಕ್ಸ್ ಮಾಡಿಸಿದರೆ ಅರ್ಧ ಓದಿದಂತೆ, ಬೈಂಡಿಂಗ್ ಮಾಡಿಸಿದರೆ ಮುಕ್ಕಾಲು.’ ಉಳಿದ ಕಾಲು ಭಾಗದ ಗತಿ ಏನು ಎಂಬುದನ್ನು ಬರೆಯಲಿಲ್ಲ. ಅದು ಓದುವವರ ಪಾಲಿನ ಕೆಲಸ.

ಜ್ಞಾನದ ಮೇಲೆ ಬರೆಯುವುದು ಎಲ್ಲಕ್ಕಿಂತ ಸುಲಭ. ವಿಶ್ವವಿದ್ಯಾನಿಲಯದ ನೆರಳಿನಲ್ಲಿರುವುದರಿಂದ ಸರಕಿಗೆ ಕೊರತೆಯಿಲ್ಲ, ಓದುವ ಪ್ರತಿಯೊಬ್ಬರೂ ಅದು ಬೇರೆ ಇಲಾಖೆಯ ಮಾತು ಎಂದೇ ತಿಳಿಯುತ್ತಾರೆ. ‘ಪುಸ್ತಕ ಓದಿದವರು ಸುಮ್ಮನಿರುತ್ತಾರೆ, ಬೆನ್ನುಡಿ ಓದಿದವರು ಅಧ್ಯಕ್ಷತೆ ವಹಿಸುತ್ತಾರೆ’ ಎಂದು ಬರೆದ ದಿನ ಮೂರು ಬೇರೆ ಬೇರೆ ವಿಷಯಗಳ ಅಧ್ಯಾಪಕರು ನಕ್ಕು ಫೋಟೊ ತೆಗೆದುಕೊಂಡು ಹೋದರು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದು ಈ ಕೆಲಸಕ್ಕೆ ದೊಡ್ಡ ಅನುಕೂಲ. ಕೊನೆಯ ಪದದವರೆಗೂ ಓದುಗನನ್ನು ಕಾಯಿಸಬಹುದು. ಸೀಮೆಸುಣ್ಣದಲ್ಲಿ ಬರೆಯುವಾಗ ಎದುರಿಗೆ ನಿಂತು ಒಂದೊಂದೇ ಪದ ಓದುವವರಿದ್ದರಂತೂ ನಾನು ಬೇಕೆಂದೇ ನಿಧಾನ ಮಾಡುತ್ತೇನೆ.

ನಮ್ಮ ಊರಿನದೇ ಒಂದು ಕಥೆಯೂ ನನಗೆ ಸಾಲು ಕೊಟ್ಟಿದೆ. 1891ರಲ್ಲಿ ಆರಂಭವಾದ ಇಲ್ಲಿನ ಓರಿಯೆಂಟಲ್ ಲೈಬ್ರರಿಗೆ ತಂಜಾವೂರು ಕಡೆಯ ಪಂಡಿತರೊಬ್ಬರು ತಾಳೆಗರಿಯ ಕಟ್ಟೊಂದನ್ನು ಕೊಟ್ಟುಹೋದರು. ಅದು ಕೌಟಿಲ್ಯನ ಅರ್ಥಶಾಸ್ತ್ರ ಎಂದು 1905ರಲ್ಲಿ ಗುರುತಿಸಿದವರು ಆರ್. ಶಾಮಶಾಸ್ತ್ರಿಗಳು, 1909ರಲ್ಲಿ ಅದು ಅಚ್ಚಾಯಿತು. ಅಲ್ಲಿಯವರೆಗೆ ವಿದ್ವಾಂಸರ ಪಾಲಿಗೆ ಅದು ಹೆಚ್ಚುಕಡಿಮೆ ಕಳೆದುಹೋದ ಗ್ರಂಥವೇ. ಹಲಗೆಗೆ ಇಳಿದದ್ದು ಇಷ್ಟು: ‘ತೆರಿಗೆಯ ಶಾಸ್ತ್ರ ಶತಮಾನಗಳ ಕಾಲ ಕಳೆದುಹೋಗಿತ್ತು, ತೆರಿಗೆ ಮಾತ್ರ ಒಂದು ದಿನವೂ ಕಳೆದುಹೋಗಲಿಲ್ಲ.’ ಇದನ್ನು ಲೆಕ್ಕಪತ್ರದವರು ಮೆಚ್ಚಿದಷ್ಟು ಸಂಸ್ಕೃತದವರು ಮೆಚ್ಚಲಿಲ್ಲ.

ಕುಕ್ಕರಹಳ್ಳಿ ಕೆರೆಯ ಏರಿ ನನ್ನ ಇನ್ನೊಂದು ಗಣಿ. ಬೆಳಗ್ಗೆ ಅಲ್ಲಿ ನಡೆಯುವವರು ಅಲ್ಲಿಂದ ನೇರ ಹೋಟೆಲಿಗೆ ಹೋಗಿ ಬೆಣ್ಣೆ ಮಸಾಲೆಗೆ ಹೇಳುತ್ತಾರೆ. ‘ಕೈಗಡಿಯಾರ ಹೆಜ್ಜೆಗಳನ್ನು ಎಣಿಸುತ್ತದೆ, ದೋಸೆಗಳ ವಿಷಯದಲ್ಲಿ ಅದು ಮರ್ಯಾದಸ್ಥ.’ ಚಾಮುಂಡಿ ಬೆಟ್ಟದ ಮೇಲೊಂದು ಬರೆದಿದ್ದೇನೆ: ‘ಸಾವಿರ ಮೆಟ್ಟಿಲು ಹತ್ತುವುದು ಕಷ್ಟ, ಹತ್ತಿದ್ದನ್ನು ಹೇಳದಿರುವುದು ಇನ್ನೂ ಕಷ್ಟ.’ ಹತ್ತಿಯೂ ಹೇಳದವರು ಊರಿನಲ್ಲಿ ಇರಬಹುದು, ಆದರೆ ಅವರು ಯಾರೆಂದು ತಿಳಿಯುವ ದಾರಿಯೇ ಇಲ್ಲವಲ್ಲ!

ಕೈ ತಡೆಯುವುದು ಸಂತೋಷದ ಮುಂದೆ. ಅದರ ಬಗ್ಗೆ ಸೀಮೆಸುಣ್ಣ ಎತ್ತಿಕೊಂಡರೆ ಸಾಕು, ಬರೆದದ್ದೆಲ್ಲ ಕ್ಯಾಲೆಂಡರಿನ ಕೆಳಗಿನ ಸುಭಾಷಿತವಾಗಿಬಿಡುತ್ತದೆ. ಭಾನುವಾರ ಸಂಜೆ ಅರಮನೆಯ ದೀಪಗಳು ಒಮ್ಮೆಗೇ ಹೊತ್ತಿದಾಗ ಏಳುವ ಉದ್ಗಾರವನ್ನು ಹಿಡಿಯಲು ಬಹಳ ಒದ್ದಾಡಿದ್ದೇನೆ. ‘ಮೊಬೈಲ್ ತೆಗೆಯಲು ಮರೆತ ಹೊತ್ತೇ ಸಂತೋಷ’ ಎಂದು ಒಮ್ಮೆ ಬಂತು. ಬರೆದು, ನೋಡಿ, ಉಪದೇಶದ ವಾಸನೆ ಹೊಡೆದದ್ದರಿಂದ ಗಿರಾಕಿ ಬರುವ ಮೊದಲೇ ಒರೆಸಿದೆ. ಈ ವಿಷಯದಲ್ಲಿ ನನಗೆ ದಕ್ಕಿದ ಒಳ್ಳೆಯ ಸಾಲು ಬಂದದ್ದು ಕತ್ತಲಿನಿಂದ. ಕರೆಂಟ್ ಹೋದ ತಕ್ಷಣ ಅಂಗಡಿಯ ಒಳಗಿದ್ದವರೆಲ್ಲ, ನಾನೂ ಸೇರಿ, ರಸ್ತೆಯ ಆಚೆ ಬದಿಗೆ ಕತ್ತು ಚಾಚುತ್ತೇವೆ. ಅಲ್ಲಿಯೂ ಇಲ್ಲವೆಂದರೆ ಒಂದು ನೆಮ್ಮದಿಯ ನಿಟ್ಟುಸಿರು. ಯಂತ್ರ ನಿಂತಿದೆ, ಪ್ರಬಂಧ ಅರ್ಧಕ್ಕೆ ಸಿಕ್ಕಿಕೊಂಡಿದೆ, ಆದರೆ ಮನಸ್ಸು ತಣ್ಣಗಿದೆ. ‘ಎದುರು ಮನೆಯಲ್ಲೂ ಕರೆಂಟ್ ಇಲ್ಲದಿದ್ದರೆ ಅರ್ಧ ಬೆಳಕು ಬಂದಂತೆ.’ ಇದನ್ನು ಒರೆಸಲು ಮನಸ್ಸಾಗದೆ ಮರುದಿನವೂ ಇಟ್ಟುಕೊಂಡೆ.

ಬರೆದ ಸಾಲಿನ ಪರೀಕ್ಷೆ ನಡೆಯುವುದು ಪಕ್ಕದ ಟೀ ಅಂಗಡಿಯಲ್ಲಿ. ಓದಿ ಹೇಳಿದಾಗ ಅಲ್ಲಿದ್ದವರು ‘ನಿಜ ಸಾರ್’ ಎಂದರೆ ಆ ಸಾಲು ಹೋಯಿತು. ‘ಯಾರ ಬಗ್ಗೆ ಸಾರ್ ಇದು?’ ಎಂದರೆ ಉಳಿಯಿತು. ಒಪ್ಪಿಗೆ ಪಡೆದ ಮಾತನ್ನು ಜನ ಮರೆಯುತ್ತಾರೆ, ಅನುಮಾನ ಹುಟ್ಟಿಸಿದ ಮಾತನ್ನು ಮನೆಗೆ ಒಯ್ಯುತ್ತಾರೆ. ಇದರಲ್ಲಿ ಅಪಾಯವೂ ಇದೆ. ಅಧ್ಯಕ್ಷತೆಯ ಸಾಲು ಬರೆದ ದಿನವೇ ಸಂಜೆ ಹಿರಿಯರೊಬ್ಬರು, ವಾರಕ್ಕೆರಡು ಸಭೆಗಳಲ್ಲಿ ಕಾಣಿಸುವವರು, ಹಲಗೆಯ ಮುಂದೆ ಬಹಳ ಹೊತ್ತು ನಿಂತು ಒಳಗೆ ಬಂದರು.

‘ಇದು ನನ್ನ ಬಗ್ಗೆಯೇನಪ್ಪ?’

‘ಛೆ, ಇಲ್ಲ ಸಾರ್. ನಿಮ್ಮ ಜೊತೆ ವೇದಿಕೆಯಲ್ಲಿ ಇರುತ್ತಾರಲ್ಲ, ಅವರ ಬಗ್ಗೆ.’

ಅವರಿಗೆ ಎಷ್ಟು ಖುಷಿಯಾಯಿತೆಂದರೆ ಚಿಲ್ಲರೆಯನ್ನೂ ವಾಪಸ್ ಕೇಳಲಿಲ್ಲ. ಮರುದಿನ ಆ ‘ಅವರೇ’ ಬಂದು ಅದನ್ನೇ ಕೇಳಿದರು. ನಾನೂ ಅದೇ ಉತ್ತರ ಕೊಟ್ಟೆ. ಇಬ್ಬರ ಆಹ್ವಾನ ಪತ್ರಿಕೆಗಳೂ ಈಗ ನನ್ನಲ್ಲೇ ಜೆರಾಕ್ಸ್ ಆಗುತ್ತವೆ.