ಗೇಣುದ್ದದ ಹತಾರ, ಅಂಗೈಯಗಲದ ಗುಂಡಿ

ಪಾರ್ಕಿಗೆ ಮೆಟಲ್ ಡಿಟೆಕ್ಟರ್ ಹಿಡಿದು ಹೋದರೆ ವಾಕಿಂಗ್‌ಗೆ ಬಂದವರು ನಿಂತು ನೋಡುತ್ತಾರೆ, "ಇದೆಂಥದ್ದು ಮಾರಾಯ್ರೆ" ಎಂದು ಕೇಳುತ್ತಾರೆ, ಅಷ್ಟೆ. ಜೊತೆಗೆ ಹಾರೆ-ಪಿಕ್ಕಾಸು ಇದ್ದರೆ ಕತೆಯೇ ಬೇರೆ. ನಮ್ಮ ಕಡೆ ಹುಲ್ಲಿನ ಮೇಲೆ ಕೂತು ನೆಲ ಅಗೆಯುವವನು ಒಂದೋ ಪೈಪಿನ ಕೆಲಸದವನು, ಇಲ್ಲವೇ ನಿಧಿ ಹುಡುಕುವವನು. ಎರಡನೆಯದೆಂದು ಅನುಮಾನ ಬಂತೆಂದರೆ ಸುತ್ತ ಜನ ಸೇರುತ್ತಾರೆ. ಹಾಗಾಗಿ ಹತಾರ ಆರಿಸುವಾಗ ನಾನು ನೋಡುವುದು ಎರಡೇ: ಅದು ಸಣ್ಣ ಚೀಲದೊಳಗೆ ಹಿಡಿಯಬೇಕು, ಅಗೆದ ಜಾಗ ಮರುದಿನ ಮಾಲಿಗೂ ಗೊತ್ತಾಗಬಾರದು.

ಇದು ಕದ್ದು ಅಗೆಯುವ ಉಪಾಯವಲ್ಲ. ಅನುಮತಿ ಮೊದಲು. ಕದ್ರಿ ಪಾರ್ಕಿಗೆ ತೋಟಗಾರಿಕೆ ಇಲಾಖೆ, ಮಂಗಳೂರಿನ ಬೇರೆ ಪಾರ್ಕುಗಳಿಗೆ ಪಾಲಿಕೆ, ಉಡುಪಿಯ ಅಜ್ಜರಕಾಡಿನಂಥಲ್ಲಿ ನಗರಸಭೆಯಲ್ಲಿ ವಿಚಾರಿಸಬೇಕು. ಯಾವ ಭಾಗ, ಎಷ್ಟು ಆಳ, ಯಾವ ಹತಾರ ಎಂದು ಅರ್ಜಿಯಲ್ಲೇ ಬರೆದರೆ ಮಾತು ಸುಲಭ. "15 ಸೆಂ.ಮೀ. ಕೈ ಹತಾರ, 10 ಸೆಂ.ಮೀ.ಗಿಂತ ಆಳವಿಲ್ಲ" ಎಂದು ಓದಿದ ಅಧಿಕಾರಿಗೆ ಗಾಬರಿಯಾಗುವುದಿಲ್ಲ. ಸಂರಕ್ಷಿತ ಸ್ಮಾರಕದ ಜಾಗ, ನಾಗಬನದ ಆಸುಪಾಸು, ದೈವಸ್ಥಾನದ ಅಂಗಳ, ಇಲ್ಲೆಲ್ಲ ಡಿಟೆಕ್ಟರ್ ಆನ್ ಮಾಡುವುದೇ ಬೇಡ.

ಇನ್ನು ಹತಾರಕ್ಕೆ ಬರೋಣ. ಪಾರ್ಕಿನಲ್ಲಿ ಬೀಳುವ ವಸ್ತು ಹೆಚ್ಚಾಗಿ ಮೇಲಿನ ನಾಲ್ಕೈದು ಸೆಂಟಿಮೀಟರಿನಲ್ಲೇ ಇರುತ್ತದೆ. ಮೊನ್ನೆ ಬಿದ್ದ ಬೆಂಡೋಲೆ, ಉಂಗುರ ಹುಲ್ಲಿನ ಬುಡದಲ್ಲೇ ಸಿಗುತ್ತದೆ. ಇಂಥದ್ದಕ್ಕೆ ಅಗೆಯಲೇಬಾರದು. ಬೇಕಾಗುವುದು ಎರಡು ಸ್ಕ್ರೂಡ್ರೈವರ್. ಒಂದು 15 ಸೆಂ.ಮೀ. ಉದ್ದದ್ದು, ತುದಿಯನ್ನು ಅರದಿಂದ ಉಜ್ಜಿ ಮೊಂಡು ಮಾಡಿದ್ದು; ಇದು ಚುಚ್ಚಿ ನೋಡಲಿಕ್ಕೆ. ಇನ್ನೊಂದು ಸ್ವಲ್ಪ ಅಗಲ ಬಾಯಿಯದು, ಅದರ ಮೂಲೆಗಳನ್ನೂ ಉಜ್ಜಿ ಗುಂಡಗೆ ಮಾಡಿರಬೇಕು. ಚುಚ್ಚಲು ಹಿತ್ತಾಳೆಯ ಸಲಾಕೆ ಒಳ್ಳೆಯದು, ನಾಣ್ಯಕ್ಕೆ ಗೀರು ಬೀಳುವುದಿಲ್ಲ ಎನ್ನುವವರಿದ್ದಾರೆ. ಮಾತು ನಿಜ, ಆದರೆ ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಹರಳು ಸಿಕ್ಕಿದ ಕೂಡಲೇ 6 ಮಿ.ಮೀ. ಹಿತ್ತಾಳೆ ಬಾಗುತ್ತದೆ. ನಾನು ಉಕ್ಕಿನದ್ದನ್ನೇ ಮೊಂಡು ಮಾಡಿ, ಕೈ ಹಗುರ ಬಿಟ್ಟು ಚುಚ್ಚುತ್ತೇನೆ.

ತೆಗೆಯುವ ಕ್ರಮ ಹೀಗೆ. ಡಿಟೆಕ್ಟರನ್ನು ಒಮ್ಮೆ ಅಡ್ಡ, ಒಮ್ಮೆ ಉದ್ದ ಆಡಿಸಿ, ಎರಡೂ ದಾರಿ ಕೂಡುವ ಜಾಗ ಗುರುತಿಸಿಕೊಳ್ಳಿ. ಅಲ್ಲಿ ಪಿನ್‌ಪಾಯಿಂಟರ್, ಅಂದರೆ ಟಾರ್ಚಿನಷ್ಟಿರುವ ಕೈ ಡಿಟೆಕ್ಟರ್, ತುದಿ ಊರಿ ನೋಡಿ. ಮೇಲಿನಿಂದಲೇ ಶಬ್ದ ಬಂದರೆ ವಸ್ತು ಎರಡು ಬೆರಳಿನ ಆಳದಲ್ಲಿದೆ. ಮೊಂಡು ಸ್ಕ್ರೂಡ್ರೈವರನ್ನು ನೇರ ಇಳಿಸಿ. ಕಲ್ಲಿಗೆ ತಾಗಿದರೆ ಕೈಗೆ ಕರಕರ ಎನ್ನುತ್ತದೆ, ನಾಣ್ಯಕ್ಕೆ ತಾಗಿದರೆ ಟಕ್ ಎಂದು ನಿಂತು ಸ್ವಲ್ಪ ಜಾರುತ್ತದೆ. ಅದನ್ನು ಅಲ್ಲೇ ಬಿಟ್ಟು, ಅಗಲ ಬಾಯಿಯದನ್ನು ಎರಡು ಸೆಂಟಿಮೀಟರ್ ಪಕ್ಕದಿಂದ ಓರೆಯಾಗಿ, ನಾಣ್ಯದ ಅಡಿಗೆ ಹೋಗುವಂತೆ ತೂರಿಸಿ. ಈಗ ಹುಲ್ಲನ್ನು ಬೆರಳಿನಿಂದ ಇಬ್ಭಾಗ ಮಾಡಿ ಮೆಲ್ಲಗೆ ಮೀಟಿದರೆ ಮೂರು ಸೆಂಟಿಮೀಟರಿನ ಸೀಳಿನಿಂದ ನಾಣ್ಯ ಮೇಲೆ ಬರುತ್ತದೆ. ಸೀಳನ್ನು ಹೆಬ್ಬೆರಳಿನಿಂದ ಒತ್ತಿಬಿಟ್ಟರೆ ಮುಗಿಯಿತು. ಎರಡನೆಯದನ್ನು ನೇರ ಇಳಿಸಿದರೆ ಮಾತ್ರ ಕೆಡುತ್ತದೆ: ನಾಣ್ಯ ಇನ್ನೂ ಕೆಳಗೆ ಹೋಗುತ್ತದೆ, ಬೆಂಡೋಲೆಯಾದರೆ ಬಾಗಿಯೇ ಹೋಗುತ್ತದೆ.

ಇದಕ್ಕಿಂತ ಆಳದ್ದಕ್ಕೆ ಅಗೆಯುವ ಕತ್ತಿ ಬೇಕು. ನರ್ಸರಿಯಲ್ಲಿ ಸಿಗುವ ಬಣ್ಣ ಬಳಿದ ಕರಣೆಯಂಥ ಹತಾರ ಇಲ್ಲಿ ಬಾಳುವುದಿಲ್ಲ. ಅದರ ತಗಡು ಒಂದೂವರೆ ಮಿ.ಮೀ. ದಪ್ಪ, ಕುತ್ತಿಗೆಯಲ್ಲಿ ಒಂದು ಚುಕ್ಕಿ ವೆಲ್ಡಿಂಗ್. ಕುಂಡದ ಮಣ್ಣಿಗೆ ಸಾಕು, ಮುರಕಲ್ಲಿನ ಹರಳಿಗೆ ಸಿಕ್ಕಿಸಿ ಮೀಟಿದರೆ ಕುತ್ತಿಗೆಯಲ್ಲೇ ಮಡಚುತ್ತದೆ. ಕಮ್ಮಾರರ ಹತ್ತಿರ ಲಾರಿಯ ಹಳೇ ಲೀಫ್ ಸ್ಪ್ರಿಂಗ್‌ನಿಂದ ಬಡಿಸಿದ್ದು ಸರಿ. ಅಳತೆ ಬರೆದೇ ಕೊಡಿ: ಅಲಗು 15 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲ, 3 ಮಿ.ಮೀ. ದಪ್ಪ, ನಡುವೆ ತುಸು ತೋಡಿದ ಹಾಗೆ ಬಾಗು. ಅಲಗಿನ ಬಾಲ ಹಿಡಿಯ ತುದಿಯವರೆಗೂ ಹೋಗಿ ಎರಡು ರಿವೆಟ್ ಬೀಳಬೇಕು. ಒಂದು ಅಂಚಿಗೆ ಮಾತ್ರ ಗರಗಸದ ಹಲ್ಲು, ಬೇರು ಕೊಯ್ಯಲಿಕ್ಕೆ. ತುದಿ ಚೂಪಾಗುವುದು ಬೇಡ, ಉಗುರಿನಂತೆ ಗುಂಡಗಿರಲಿ. ಎರಡೂ ಕಡೆ ಹರಿತ, ತುದಿ ಚೂಪು ಇದ್ದರೆ ನೋಡುವವರಿಗೆ ಚೂರಿ; ಗುಂಡಗಿದ್ದರೆ ತೋಟದ ಸಾಮಾನು. ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುವುದಕ್ಕಿಂತ ಚೀಲದಲ್ಲಿ ಇಡುವುದೇ ಲೇಸು. ಅಲಗಿನ ಮೇಲೆ ಅರದಿಂದ 5 ಮತ್ತು 10 ಸೆಂ.ಮೀ.ಗೆ ಗೆರೆ ಎಳೆದಿಟ್ಟುಕೊಂಡರೆ ಆಳ ಕಣ್ಣಳತೆಗೆ ಬಿಡಬೇಕಾಗಿಲ್ಲ.

ಹಿಡಿಗೆ ಕೆಂಪೋ ಕಿತ್ತಳೆಯೋ ಬಣ್ಣದ ಟೇಪ್ ಸುತ್ತಿ. ಕಣ್ಣಿಗೆ ಬೀಳಬಾರದೆಂದು ಹಸಿರು ಹಿಡಿ ಇಟ್ಟುಕೊಂಡರೆ ಹುಲ್ಲಿನಲ್ಲಿ ಮರೆತು ಬರುವುದು ಖಂಡಿತ, ಆಮೇಲೆ ಅದು ಮಕ್ಕಳ ಕಾಲಿಗೆ ಸಿಗುತ್ತದೆ.

ಹುಲ್ಲು ಎತ್ತುವಾಗ ಪೂರ್ತಿ ವೃತ್ತ ಕೊಯ್ಯಬೇಡಿ. ಕುದುರೆ ಲಾಳದ ಆಕಾರದಲ್ಲಿ ಮೂರು ಕಡೆ ಮಾತ್ರ ಕೊಯ್ದು, ಒಂದು ಕಡೆ ಬೇರಿನ ಸಂಬಂಧ ಹಾಗೇ ಬಿಟ್ಟು, ಪುಸ್ತಕದ ರಟ್ಟಿನಂತೆ ಮಗುಚಬೇಕು. ಅಗಲ ನಿಮ್ಮ ಅಂಗೈಯಷ್ಟು, ದಪ್ಪ 7-8 ಸೆಂ.ಮೀ. ಅದಕ್ಕಿಂತ ತೆಳುವಾದರೆ ಬೇರೆಲ್ಲ ಕೆಳಗೆ ಉಳಿದು, ಮೇಲಿನ ಹುಲ್ಲು ನಾಲ್ಕು ದಿನದಲ್ಲಿ ಹಳದಿಯಾಗುತ್ತದೆ. ತೆಗೆದ ಮಣ್ಣು ಹುಲ್ಲಿನ ಮೇಲೆ ಬೀಳಬಾರದು. ಪಕ್ಕದಲ್ಲಿ ಹಳೇ ಬೈರಾಸು (ಟವೆಲ್) ಹಾಸಿ ಅದರ ಮೇಲೇ ಹಾಕಿ. ಕೆಂಪು ಮಣ್ಣು ಒಮ್ಮೆ ಹುಲ್ಲಿನ ನಡುವೆ ಇಳಿದರೆ ಗುಡಿಸಿದರೂ ಹೋಗುವುದಿಲ್ಲ. ವಸ್ತು ಸಿಕ್ಕಿದ ಮೇಲೂ ಗುಂಡಿಯೊಳಗೆ ಇನ್ನೊಮ್ಮೆ ಪಿನ್‌ಪಾಯಿಂಟರ್ ಇಳಿಸಿ ನೋಡಿ. ಆಮೇಲೆ ಬೈರಾಸು ಎತ್ತಿ ಮಣ್ಣು ಸುರಿದು, ಹುಲ್ಲು ಮಗುಚಿ, ಪಾದದಿಂದ ಒತ್ತಿ, ಅರ್ಧ ಲೀಟರ್ ನೀರು ಹಾಕಿ. ನೀರಿನ ಬಾಟಲಿಯೂ ಹತಾರವೇ.

ಕಾಲ ನೋಡಿಯೇ ಹೋಗಬೇಕು. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಊರು ನಮ್ಮದು. ಜೂನ್, ಜುಲೈಯಲ್ಲಿ ಎತ್ತಿದ ಹುಲ್ಲಿನ ತುಂಡು ಕೈಯಲ್ಲೇ ಕೆಸರಾಗಿ ಉದುರುತ್ತದೆ. ಮಾರ್ಚ್ ದಾಟಿದರೆ ನೆಲ ಇಟ್ಟಿಗೆ. ಅಲಗು ಇಳಿಯುವುದೂ ಇಲ್ಲ, ಕೊಯ್ದ ಹುಲ್ಲು ಬದುಕುವುದೂ ಇಲ್ಲ. ಆಗ ಸ್ಕ್ರೂಡ್ರೈವರಿಗೆ ಸಿಕ್ಕಿದ್ದಷ್ಟೇ ನಮ್ಮದು. ಅಕ್ಟೋಬರಿನಿಂದ ಡಿಸೆಂಬರ್ ಒಳ್ಳೆಯ ಸಮಯ.

ಮುರಕಲ್ಲಿನಲ್ಲಿ ಕಬ್ಬಿಣದ ಅಂಶ ಜಾಸ್ತಿ, ಹಾಗಾಗಿ ಡಿಟೆಕ್ಟರ್ ಸುಮ್ಮಸುಮ್ಮನೆ ಕಿರುಚುತ್ತದೆ. ಗ್ರೌಂಡ್ ಬ್ಯಾಲೆನ್ಸ್ ಮಾಡಿ, ಅಂದರೆ ಅಲ್ಲಿನ ಮಣ್ಣಿಗೆ ಯಂತ್ರ ಕಿರುಚದಂತೆ ಹೊಂದಿಸಿ, ಸೆನ್ಸಿಟಿವಿಟಿ ಇಳಿಸಿ. ಆಳ ಕಡಿಮೆಯಾಗುತ್ತದೆ, ಆಗಲಿ, ಪಾರ್ಕಿನಲ್ಲಿ ಆಳ ಹೇಗೂ ಬೇಡ. ಒಂದು ದಿಕ್ಕಿನಲ್ಲಿ ಶಬ್ದ ಬಂದು, ತಿರುಗಿ ನಿಂತು ಆಡಿಸಿದಾಗ ಬರದಿದ್ದರೆ ಕೈ ಹಾಕಬೇಡಿ. ಕಬ್ಬಿಣವನ್ನು ಪೂರ್ತಿ ತಳ್ಳಿಹಾಕುವಂತೆ ಯಂತ್ರ ಇಡುವುದೂ ತಪ್ಪು. ಈಗಿನ ಒಂದು, ಎರಡು ರೂಪಾಯಿ ನಾಣ್ಯ ಅಯಸ್ಕಾಂತಕ್ಕೆ ಅಂಟುವ ಸ್ಟೇನ್‌ಲೆಸ್ ಸ್ಟೀಲಿನದ್ದು, ಡಿಟೆಕ್ಟರಿನ ಪರದೆಯಲ್ಲಿ ಅದರ ಅಂಕೆ ಕಬ್ಬಿಣದ ಕಡೆಗೆ ವಾಲಿ ಕುಣಿಯುತ್ತದೆ. ಸಣ್ಣ ಚಿನ್ನ ಅಲ್ಯೂಮಿನಿಯಂ ಹಾಳೆಯಂತೆ ತೋರುತ್ತದೆ. ಹಾಳೆ ಬೇಡವೆಂದರೆ ಚಿನ್ನವೂ ಬೇಡವೆಂದಂತೆ.

ಶಬ್ದ ಒಂದೇ ಗೆರೆಯಲ್ಲಿ ಮೀಟರುಗಟ್ಟಲೆ ಮುಂದುವರಿದರೆ ಅದು ದೀಪದ ಕೇಬಲ್. ಅಲ್ಲಿ ಅಲಗು ಊರಲೇಬಾರದು. ದೀಪದ ಕಂಬದಿಂದ ಒಂದು ಮೀಟರ್ ದೂರ ಕಡ್ಡಾಯ. ಸ್ಪ್ರಿಂಕ್ಲರಿನ ಪಿವಿಸಿ ಪೈಪ್ ಡಿಟೆಕ್ಟರಿಗೆ ಕೇಳಿಸುವುದಿಲ್ಲ, ಗರಗಸದ ಹಲ್ಲಿಗೆ ಸುಲಭವಾಗಿ ಸಿಗುತ್ತದೆ. ನಳಿಗೆಗಳು ಎಲ್ಲಿವೆ ಎಂದು ಮೊದಲೇ ನೋಡಿ, ಎರಡರ ನಡುವಿನ ನೇರ ಗೆರೆ ಬಿಟ್ಟುಬಿಡಿ.

ಸಿಗುವುದರಲ್ಲಿ ಹೆಚ್ಚಿನದು ಕಸವೇ: ಸೋಡಾ ಬಾಟಲಿಯ ಮುಚ್ಚಳ, ಶಾಮಿಯಾನದ ಮೊಳೆ, ತಂತಿ ತುಂಡು. ಎಲ್ಲವನ್ನೂ ಒಂದು ಡಬ್ಬಿಗೆ ಹಾಕಿಕೊಂಡು ಬನ್ನಿ, ಹೊರಡುವಾಗ ವಾಚ್‌ಮ್ಯಾನ್‌ಗೆ ತೋರಿಸಿ. ಮುಂದಿನ ಸಲ ಗೇಟಿನಲ್ಲಿ ಪ್ರಶ್ನೆ ಕಡಿಮೆ. ಹಳೆಯದು, ಬೆಲೆಬಾಳುವಂಥದು ಕಂಡರೆ ಅಗೆಯುವುದನ್ನು ಅಲ್ಲಿಗೇ ನಿಲ್ಲಿಸಿ. ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆ ಇದೆ. ಹುದುಗಿಟ್ಟ ಬೆಲೆಬಾಳುವ ವಸ್ತು ಸಿಕ್ಕಿದರೆ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು.

ಪಣಂಬೂರು, ಮಲ್ಪೆಯ ಮರಳಿಗೆ ಈ ಕತ್ತಿ ಉಪಯೋಗವಿಲ್ಲ, ಅಲ್ಲಿಗೆ ತೂತಿನ ಸ್ಕೂಪ್. ತೂತು ದೊಡ್ಡದಾದರೆ ಮೂಗುಬೊಟ್ಟು ಸೋರಿಹೋಗುತ್ತದೆ.

ಸ್ಪ್ರಿಂಗ್ ಉಕ್ಕಿಗೆ ನಮ್ಮ ಉಪ್ಪುಗಾಳಿಯಲ್ಲಿ ಒಂದೇ ರಾತ್ರಿಗೆ ತುಕ್ಕು ಹಿಡಿಯುತ್ತದೆ. ಮನೆಗೆ ಬಂದ ಕೂಡಲೇ ತೊಳೆದು, ಒರೆಸಿ, ಹಲ್ಲುಗಳ ಸಂದಿಗೂ ಬಟ್ಟೆಯಿಂದ ತೆಂಗಿನೆಣ್ಣೆ ಹಚ್ಚಿಡಿ. ಚರ್ಮದ ಒರೆಯಲ್ಲಿ ಹಾಕಿಟ್ಟರೆ ಮಳೆಗಾಲದಲ್ಲಿ ಒರೆಗೂ ಬೂಸಲು, ಅಲಗಿಗೂ ತುಕ್ಕು. ಗೋಡೆಯ ಮೊಳೆಗೆ ನೇತುಹಾಕಿದರಾಯಿತು.