ಡಬ್ಲ್ಯು15ರಿಂದ ಗ್ರ್ಯಾಂಡ್‌ಸ್ಲಾಮ್ ಅರ್ಹತಾ ಸುತ್ತಿಗೆ: ಟೆನಿಸ್ ಆಟಗಾರ್ತಿಯ ಮೊದಲ ವರ್ಷಗಳ ಲೆಕ್ಕಾಚಾರ

ಜೂನಿಯರ್ ಮಟ್ಟದಲ್ಲಿ ಗೆದ್ದು ಬಂದ ಹುಡುಗಿ ವೃತ್ತಿಪರ ಟೂರ್‌ನ ಮೊದಲ ಎರಡು ವರ್ಷಗಳಲ್ಲಿ ಎಡವುವುದು ಹೆಚ್ಚಾಗಿ ಕ್ಯಾಲೆಂಡರ್‌ನಲ್ಲಿ. ಆಟ ಅಷ್ಟೊತ್ತಿಗೆ ಕೈಗೆ ಹತ್ತಿರುತ್ತದೆ. ಯಾವ ವಾರ, ಯಾವ ದರ್ಜೆ, ಯಾವ ಅಂಕಣ ಎಂಬ ತೀರ್ಮಾನಗಳೇ ಕೈಕೊಡುತ್ತವೆ.

ಕಾಗದಪತ್ರ ಮತ್ತು ವಯಸ್ಸು

ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ (ಐಟಿಎಫ್) ಜಾಲತಾಣದಲ್ಲಿ ಐಪಿನ್ ಎಂಬ ಆಟಗಾರರ ಗುರುತಿನ ಸಂಖ್ಯೆ ಪಡೆಯದೆ ಯಾವ ಟೂರ್ನಿಗೂ ಹೆಸರು ಕೊಡಲಾಗದು. ಹೆಸರು, ಜನ್ಮದಿನಾಂಕ ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಇರಲಿ. ಸದಸ್ಯತ್ವವನ್ನು ಪ್ರತಿ ವರ್ಷ ನವೀಕರಿಸಬೇಕು. ಮ್ಯಾಚ್ ಫಿಕ್ಸಿಂಗ್ ತಡೆಯುವ ಕುರಿತ ಆನ್‌ಲೈನ್ ತರಬೇತಿಯನ್ನೂ ಮುಗಿಸಿಕೊಳ್ಳಿ.

ವಯಸ್ಸಿನ ನಿಯಮವನ್ನು ಮಾತ್ರ ನಿಧಾನವಾಗಿ ಓದಿಕೊಳ್ಳಿ. 14 ತುಂಬುವ ಮೊದಲು ವೃತ್ತಿಪರ ಟೂರ್ನಿ ಆಡುವಂತಿಲ್ಲ. ಆಮೇಲಿನ ಮೂಲ ಮಿತಿ 14ನೇ ವಯಸ್ಸಿಗೆ 8, 15ಕ್ಕೆ 10, 16ಕ್ಕೆ 12, 17ಕ್ಕೆ 16 ಟೂರ್ನಿಗಳು. 18 ತುಂಬಿದ ಮೇಲೆ ಮಿತಿಯಿಲ್ಲ. ಸಾಧನೆ ಚೆನ್ನಾಗಿದ್ದವರಿಗೆ ಒಂದಷ್ಟು ಹೆಚ್ಚುವರಿ ಅವಕಾಶ ಸಿಗುತ್ತದೆ. ಇಲ್ಲಿ ವರ್ಷ ಎಂದರೆ ಒಂದು ಹುಟ್ಟುಹಬ್ಬದಿಂದ ಇನ್ನೊಂದಕ್ಕೆ. ಜನವರಿಯಿಂದ ಎಣಿಸಿದವರು ಋತುವಿನ ನಡುವೆ ಖಾಲಿ ಕೈಯಲ್ಲಿ ಕೂರುತ್ತಾರೆ. ಜೆನಿಫರ್ ಕೆಪ್ರಿಯಾಟಿ 1990ರಲ್ಲಿ 14 ತುಂಬುವ ಮೊದಲೇ ವೃತ್ತಿಪರಳಾಗಿ, ಕೆಲವೇ ವರ್ಷಗಳಲ್ಲಿ ಬಳಲಿ ಆಟದಿಂದ ದೂರ ಸರಿದದ್ದು ಎಲ್ಲರ ಕಣ್ಮುಂದೆಯೇ ನಡೆಯಿತು. ಈ ನಿಯಮ ಜಾರಿಯಾದದ್ದು 1995ರಲ್ಲಿ. ಮನೆಯವರಿಗೆ ಕಿರಿಕಿರಿ ಅನ್ನಿಸಿದರೂ ಇದು ಒಳ್ಳೆಯ ನಿಯಮವೇ.

ಏಣಿಯ ಮೆಟ್ಟಿಲುಗಳು

ಐಟಿಎಫ್ ಮಹಿಳಾ ಟೂರ್ನಿಗಳ ದರ್ಜೆಗಳು ಡಬ್ಲ್ಯು15, ಡಬ್ಲ್ಯು35, ಡಬ್ಲ್ಯು50, ಡಬ್ಲ್ಯು75, ಡಬ್ಲ್ಯು100. ಈ ಸಂಖ್ಯೆಯೇ ಸಿಂಗಲ್ಸ್ ಚಾಂಪಿಯನ್‌ಗೆ ಸಿಗುವ ಅಂಕ. ಅದರ ಮೇಲೆ ಮಹಿಳಾ ಟೆನಿಸ್ ಸಂಸ್ಥೆಯಾದ ಡಬ್ಲ್ಯುಟಿಎಯ 125, 250, 500, 1000 ದರ್ಜೆಗಳು.

ಡಬ್ಲ್ಯು15ರಲ್ಲಿ ಗೆದ್ದವಳಿಗೆ 15, ಫೈನಲ್‌ನಲ್ಲಿ ಸೋತವಳಿಗೆ 10, ಸೆಮಿಫೈನಲ್‌ಗೆ 6, ಕ್ವಾರ್ಟರ್‌ಗೆ 3, ಎರಡನೇ ಸುತ್ತಿಗೆ 1. ಪ್ರಧಾನ ಸುತ್ತಿನ ಮೊದಲ ಪಂದ್ಯ ಸೋತರೆ ಸೊನ್ನೆ. ಡಬ್ಲ್ಯುಟಿಎ ರ‍್ಯಾಂಕಿಂಗ್ ಪಟ್ಟಿಯಲ್ಲಿ ಹೆಸರು ಬರಲು ಎರಡು ದಾರಿ: ಮೂರು ಬೇರೆ ಬೇರೆ ಟೂರ್ನಿಗಳಲ್ಲಿ ಅಂಕ ಗಳಿಸಬೇಕು, ಇಲ್ಲವೇ ಒಟ್ಟು ಕನಿಷ್ಠ 10 ಅಂಕ ಸಂಪಾದಿಸಬೇಕು. ಅಂದರೆ ಮೂರು ಊರುಗಳಲ್ಲಿ ತಲಾ ಒಂದು ಪಂದ್ಯ ಗೆದ್ದರೂ ಆಯಿತು, ಒಂದೇ ಡಬ್ಲ್ಯು15ರಲ್ಲಿ ಫೈನಲ್ ತಲುಪಿದರೂ ಆಯಿತು.

ರ‍್ಯಾಂಕಿಂಗ್ ಇಲ್ಲದವಳಿಗೆ ತೆರೆದಿರುವ ಬಾಗಿಲುಗಳು ಅರ್ಹತಾ ಸುತ್ತು, ವೈಲ್ಡ್ ಕಾರ್ಡ್ (ಸಂಘಟಕರು ನೇರವಾಗಿ ಕೊಡುವ ಪ್ರವೇಶ), ಮತ್ತು ಜೂನಿಯರ್ ರ‍್ಯಾಂಕಿಂಗ್‌ನಲ್ಲಿ ಮೊದಲ 100ರೊಳಗಿದ್ದವರಿಗೆ ಡಬ್ಲ್ಯು15ರಲ್ಲಿ ಕಾಯ್ದಿಟ್ಟ ಸ್ಥಾನಗಳು. ಈ ಮೂರನೆಯ ಬಾಗಿಲಿಗಾಗಿಯೇ 16–17ರ ವಯಸ್ಸಿನಲ್ಲಿ ಜೂನಿಯರ್ ಟೂರ್ನಿಗಳನ್ನು ಪೂರ್ತಿ ಕೈಬಿಡಬೇಡಿ. ಡಬ್ಲ್ಯು15ರ ಅರ್ಹತಾ ಪಂದ್ಯದಲ್ಲಿ ಮೂರನೇ ಸೆಟ್ ಇರುವುದಿಲ್ಲ, ಅದರ ಬದಲು 10 ಅಂಕಗಳ ಟೈಬ್ರೇಕ್. ನಿಧಾನಕ್ಕೆ ಬಿಸಿಯೇರುವ ಆಟಗಾರ್ತಿಯರಿಗೆ ಇದೇ ಮುಳುವು. ಅಭ್ಯಾಸದಲ್ಲಿ ವಾರಕ್ಕೆ ಎರಡು ಸಲವಾದರೂ, ದಣಿದಿರುವಾಗಲೇ, ಇಂಥ ಟೈಬ್ರೇಕ್ ಆಡಿಸಿ.

ಯಾವಾಗ ಮೇಲಿನ ದರ್ಜೆಗೆ?

ಸಿಂಗಲ್ಸ್ ರ‍್ಯಾಂಕಿಂಗ್‌ಗೆ 52 ವಾರಗಳ ಅತ್ಯುತ್ತಮ 18 ಫಲಿತಾಂಶಗಳು ಲೆಕ್ಕಕ್ಕೆ. ಹಾಗಾಗಿ 18 ಡಬ್ಲ್ಯು15 ಟೂರ್ನಿಗಳನ್ನು ಒಂದೂ ಬಿಡದೆ ಗೆದ್ದರೂ ಸಿಗುವುದು 270 ಅಂಕ ಮಾತ್ರ. ಮೂರು ಡಬ್ಲ್ಯು100 ಗೆದ್ದವಳು ಅದನ್ನು ದಾಟಿರುತ್ತಾಳೆ. ಕೆಳಗಿನ ಮೆಟ್ಟಿಲಿನಲ್ಲೇ ಗೆಲ್ಲುತ್ತಾ ಕೂತರೆ ಆತ್ಮವಿಶ್ವಾಸ ಬೆಳೆಯುತ್ತದೆ, ರ‍್ಯಾಂಕಿಂಗ್ ಬೆಳೆಯುವುದಿಲ್ಲ.

ನಮ್ಮ ಅಳತೆಗೋಲು ಸರಳ. ಒಂದು ದರ್ಜೆಯಲ್ಲಿ ಹತ್ತು ಟೂರ್ನಿ ಆಡಿ ಪ್ರತಿ ಸೋಲಿಗೆ ಎರಡು ಗೆಲುವು ಬರುತ್ತಿದ್ದರೆ ಮೇಲಕ್ಕೆ ಹೋಗಿ. ಗೆಲುವಿಗಿಂತ ಸೋಲೇ ಹೆಚ್ಚಾದರೆ ನಾಚಿಕೆ ಬಿಟ್ಟು ಒಂದು ಮೆಟ್ಟಿಲು ಇಳಿಯಿರಿ. ಇಗಾ ಶ್ವಿಯಾಂಟೆಕ್ 2020ರ ಫ್ರೆಂಚ್ ಓಪನ್ ಗೆಲ್ಲುವ ಮುನ್ನ ಐಟಿಎಫ್ ಟೂರ್ನಿಗಳಲ್ಲಿ ಏಳು ಸಿಂಗಲ್ಸ್ ಫೈನಲ್ ಆಡಿ ಏಳನ್ನೂ ಗೆದ್ದಿದ್ದಳು.

ಕಾಲೇಜು ಟೆನಿಸ್ ಕೂಡ ಗಟ್ಟಿ ದಾರಿಯೇ. ಡೇನಿಯಲ್ ಕಾಲಿನ್ಸ್, ಎಮ್ಮಾ ನವಾರೊ ಇಬ್ಬರೂ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಆಡಿ ಬಂದವರು. ಆ ಯೋಚನೆ ಇದ್ದರೆ ಬಹುಮಾನದ ಹಣ ಮುಟ್ಟುವ ಮೊದಲೇ ಕಾಲೇಜು ಕ್ರೀಡಾ ನಿಯಮ ನೋಡಿಕೊಳ್ಳಿ.

ಹೆಸರು ಕೊಡುವುದು, ಹಿಂಪಡೆಯುವುದು

ಐಟಿಎಫ್ ಟೂರ್ನಿ ಶುರುವಾಗುವ ಸೋಮವಾರಕ್ಕಿಂತ 18 ದಿನ ಮುಂಚಿನ ಗುರುವಾರ ಹೆಸರು ಕೊಡಲು ಕೊನೆಯ ದಿನ. 13 ದಿನ ಮುಂಚಿನ ಮಂಗಳವಾರ ದಂಡವಿಲ್ಲದೆ ಹಿಂಪಡೆಯಲು ಕೊನೆ. ಗಡುವು ಗ್ರೀನ್‌ವಿಚ್ ಸಮಯದಲ್ಲಿರುತ್ತದೆ. ಮೊಬೈಲಿನಲ್ಲಿ ಅಲಾರಾಂ ಇಡುವಾಗ ಸ್ಥಳೀಯ ಸಮಯಕ್ಕೆ ಬದಲಿಸಿಕೊಳ್ಳಿ. ಒಂದೇ ವಾರಕ್ಕೆ ಹಲವು ಟೂರ್ನಿಗಳಿಗೆ ಆದ್ಯತೆಯ ಕ್ರಮದಲ್ಲಿ ಹೆಸರು ಕೊಡಬಹುದು. ಕ್ರಮ ತಪ್ಪಿಸಿ ಹಾಕಿದರೆ ಬೇಡದ ಊರಿಗೇ ಆಯ್ಕೆಯಾಗುತ್ತದೆ.

ಮೂರು ವಾರ ಆಟ, ಎರಡು ವಾರ ಅಭ್ಯಾಸ: ಈ ಲಯದಲ್ಲಿ, ವಯಸ್ಸಿನ ಮಿತಿ ದಾಟಿದವರಿಗೆ ವರ್ಷಕ್ಕೆ 22–26 ಟೂರ್ನಿ ಸಾಕು. ಟ್ಯುನೀಷಿಯಾದ ಮೊನಾಸ್ಟಿರ್, ಟರ್ಕಿಯ ಅಂಟಾಲ್ಯದಂಥ ಊರುಗಳಲ್ಲಿ ಡಬ್ಲ್ಯು15 ಟೂರ್ನಿಗಳು ವಾರದ ಮೇಲೆ ವಾರ ನಡೆಯುತ್ತವೆ. ವಿಮಾನದ ಖರ್ಚು ಉಳಿಯುತ್ತದೆ, ಮೊದಲ ಸುತ್ತಲ್ಲೇ ಸೋತರೂ ಅಲ್ಲೇ ಅಭ್ಯಾಸಕ್ಕೆ ಜೊತೆ ಸಿಗುತ್ತಾರೆ. ಆದರೆ ಒಂದೇ ಅಂಕಣ, ಅದೇ ಎದುರಾಳಿಗಳು. ನಾಲ್ಕನೇ ವಾರದ ಹೊತ್ತಿಗೆ ಮನಸ್ಸು ಜಡ್ಡುಗಟ್ಟುತ್ತದೆ.

ಡಬಲ್ಸ್ ಬಿಡಬೇಡಿ. ಡಬ್ಲ್ಯು15ರ ಒಟ್ಟು ಬಹುಮಾನ 15,000 ಡಾಲರ್. ಸಿಂಗಲ್ಸ್ ಮೊದಲ ಸುತ್ತಲ್ಲಿ ಸೋತವಳ ಪಾಲು 200 ಡಾಲರ್‌ಗೂ ಕಡಿಮೆ, ಅದರಲ್ಲೂ ತೆರಿಗೆ ಕಡಿತ. ಡಬಲ್ಸ್ ಇದ್ದರೆ ಇನ್ನಷ್ಟು ಹಣ, ವಾರದಲ್ಲಿ ಇನ್ನೊಂದು ಪಂದ್ಯ, ಒತ್ತಡದಲ್ಲಿ ವಾಲಿ ಮತ್ತು ರಿಟರ್ನ್ ಅಭ್ಯಾಸ.

ರಾಕೆಟ್ ಮತ್ತು ತಂತಿ

ಒಂದೇ ಮಾದರಿಯ ನಾಲ್ಕು ರಾಕೆಟ್ ಕೊಂಡರೆ ನಾಲ್ಕೂ ಒಂದೇ ತೂಕ ಇರುತ್ತವೆ ಎಂದು ನಂಬಬೇಡಿ. ಕಾರ್ಖಾನೆಯಿಂದಲೇ ಕೆಲವು ಗ್ರಾಂ ವ್ಯತ್ಯಾಸ ಬಂದಿರುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ದುಂಡನೆಯ ಕಡ್ಡಿಯ ಮೇಲಿಟ್ಟು ಸಮತೋಲನ ಬಿಂದು ಎಲ್ಲಿದೆ ನೋಡಿ, ಹಿಡಿಯ ತುದಿಯಿಂದ ಅಳೆದು ಬರೆದುಕೊಳ್ಳಿ. ಹಗುರವಾದವಕ್ಕೆ ಸೀಸದ ಪಟ್ಟಿ ಅಂಟಿಸಿ ಅತಿ ಭಾರದ್ದಕ್ಕೆ ಸರಿದೂಗಿಸಿ. ಎಲ್ಲಿ ಅಂಟಿಸುತ್ತೀರಿ ಎಂಬುದೇ ಮುಖ್ಯ: ತಲೆಯ ತುದಿಗೆ 2 ಗ್ರಾಂ ಹಾಕಿದರೆ ಸ್ವಿಂಗ್‌ವೇಟ್ (ಬೀಸುವಾಗ ಕೈಗೆ ತಿಳಿಯುವ ಭಾರದ ಅಳತೆ) 6–7 ಅಂಕ ಏರುತ್ತದೆ, ಅದೇ 2 ಗ್ರಾಂ ಹಿಡಿಯಲ್ಲಿದ್ದರೆ ಏರಿಕೆ ಬಹುತೇಕ ಸೊನ್ನೆ.

ಪಾಲಿಯೆಸ್ಟರ್ ತಂತಿ ರಾಕೆಟ್ಟಿಗೆ ಸುಮಾರು 12 ಮೀಟರ್ ಬೇಕು. 200 ಮೀಟರ್ ಸುರುಳಿಯಲ್ಲಿ 16 ರಾಕೆಟ್ ಆಗುತ್ತವೆ. ಬಿಗಿತ ಸಾಮಾನ್ಯವಾಗಿ 21–25 ಕಿಲೊ. ಕಟ್ಟಿದ ಮೊದಲ ದಿನವೇ ಒಂದಷ್ಟು ಸಡಿಲವಾಗುತ್ತದೆ, 8–10 ಗಂಟೆ ಆಡಿದ ಮೇಲೆ ಸತ್ತಂತೆಯೇ. ತಂತಿ ತುಂಡಾಗಿಲ್ಲವಲ್ಲ ಎಂದು ಅದರಲ್ಲೇ ಆಡಿದರೆ ಚೆಂಡು ಬೇಸ್‌ಲೈನ್ ದಾಟಿ ಹೋಗುತ್ತದೆ, ಅದನ್ನು ತಡೆಯಲು ಹುಡುಗಿ ಕೈ ಬಿಗಿ ಮಾಡುತ್ತಾಳೆ, ಮೊಣಕೈ ನೋವು ಶುರು. ಬಿಸಿಲಿನ ಊರಲ್ಲಿ, ಎತ್ತರದ ಊರಲ್ಲಿ ಅರ್ಧದಿಂದ ಒಂದು ಕಿಲೊ ಬಿಗಿ ಮಾಡಿ. ಚಳಿ ಮತ್ತು ತೇವದ ಆವೆಮಣ್ಣಿನ ಅಂಕಣದಲ್ಲಿ ಅಷ್ಟೇ ಸಡಿಲಿಸಿ. ಪ್ರತಿ ರಾಕೆಟ್ಟಿನ ಕತ್ತಿನ ಮೇಲೆ ಪುಟ್ಟ ಟೇಪ್ ಅಂಟಿಸಿ ದಿನಾಂಕ, ಬಿಗಿತ ಬರೆಯಿರಿ.

ದೇಹ

ಎತ್ತರ ಬೆಳೆಯುತ್ತಿರುವ ವಯಸ್ಸಿನಲ್ಲಿ ಕಿಕ್ ಸರ್ವ್ (ಬೆನ್ನು ಬಾಗಿಸಿ, ಚೆಂಡು ಪುಟಿದು ಮೇಲೇರುವಂತೆ ತಿರುಗಿಸಿ ಹೊಡೆಯುವ ಸರ್ವ್) ಅತಿಯಾದರೆ ಸೊಂಟದ ಮೂಳೆಯಲ್ಲಿ ಸಣ್ಣ ಬಿರುಕು ಮೂಡಬಹುದು. ಬೆನ್ನನ್ನು ಹಿಂದಕ್ಕೆ ಬಾಗಿಸಿದಾಗ ಒಂದೇ ಪಕ್ಕದಲ್ಲಿ ನೋವು ಬರುತ್ತಿದ್ದರೆ ಸರ್ವ್ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಿ. ಉಜ್ಜುವ ಮುಲಾಮಿನಿಂದ ಅದು ಹೋಗುವುದಿಲ್ಲ. ಮೂರು ತಿಂಗಳು ಮುಟ್ಟು ನಿಂತರೆ ‘ಕಷ್ಟಪಟ್ಟು ತಯಾರಿ ಮಾಡ್ತಿದ್ದಾಳೆ’ ಎಂದು ಸಮಾಧಾನ ಪಟ್ಟುಕೊಳ್ಳಬೇಡಿ. ಹೆಚ್ಚಿನ ಸಲ ಅದು ಊಟ ಸಾಲುತ್ತಿಲ್ಲ ಎಂಬುದರ ಸೂಚನೆ, ಮುಂದಿನ ಪೆಟ್ಟು ಮೂಳೆಗೆ. ವರ್ಷಕ್ಕೆ ಎರಡು ಸಲ ರಕ್ತದ ಕಬ್ಬಿಣಾಂಶ, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಪರೀಕ್ಷೆ ಮಾಡಿಸಿ. ಇವೆಲ್ಲ ಕೋಚ್ ಜೊತೆ ಮುಜುಗರವಿಲ್ಲದೆ ಮಾತಾಡುವ ವಿಷಯಗಳಾಗಬೇಕು. ಬಿಳಿ ಉಡುಪಿಗೇ ಅಂಟಿಕೊಂಡಿದ್ದ ವಿಂಬಲ್ಡನ್ ಕೂಡ 2023ರಲ್ಲಿ ಸ್ಕರ್ಟಿನ ಒಳಗೆ ಗಾಢ ಬಣ್ಣದ ಚಡ್ಡಿಗೆ ಒಪ್ಪಿತು.

ಮಾತ್ರೆ, ಪುಡಿಗಳ ವಿಷಯದಲ್ಲಿ ಜಿಪುಣರಾಗಿ. 2024ರಲ್ಲಿ ಶ್ವಿಯಾಂಟೆಕ್ ಒಂದು ತಿಂಗಳ ನಿಷೇಧ ಅನುಭವಿಸಿದ್ದು ನಿದ್ರೆಗೆಂದು ತೆಗೆದುಕೊಂಡ ಮೆಲಟೋನಿನ್‌ನಲ್ಲಿ ನಿಷೇಧಿತ ಔಷಧ ಬೆರೆತಿದ್ದಕ್ಕೆ. ಬಳಸಿದ ಪ್ರತಿಯೊಂದರ ಬಿಲ್ಲು, ಬ್ಯಾಚ್ ಸಂಖ್ಯೆ, ಸಾಧ್ಯವಾದರೆ ಅದೇ ಬ್ಯಾಚಿನ ಒಡೆಯದ ಡಬ್ಬಿ ಇಟ್ಟುಕೊಂಡಿರಿ.

ಅರ್ಹತಾ ಸುತ್ತಿನ ಗುರಿ

ಗ್ರ್ಯಾಂಡ್‌ಸ್ಲಾಮ್ ಮಹಿಳಾ ಸಿಂಗಲ್ಸ್‌ನ 128 ಸ್ಥಾನಗಳಲ್ಲಿ ನೇರ ಪ್ರವೇಶ 104, ಅರ್ಹತಾ ಸುತ್ತಿನಿಂದ 16, ವೈಲ್ಡ್ ಕಾರ್ಡ್ 8. ಅರ್ಹತಾ ಸುತ್ತಿಗೆ ಸುಮಾರು 230ರ ಆಸುಪಾಸಿನ ರ‍್ಯಾಂಕಿಂಗ್ ಬೇಕು. ಎಮ್ಮಾ ರಾಡುಕಾನು 2021ರ ಅಮೆರಿಕ ಓಪನ್‌ಗೆ ಈ ಬಾಗಿಲಿನಿಂದಲೇ ಹೋಗಿ ಪ್ರಶಸ್ತಿ ಹಿಡಿದು ಬಂದಳು. ಪಟ್ಟಿ ತಯಾರಾಗುವುದು ಟೂರ್ನಿಗೆ ವಾರಗಟ್ಟಲೆ ಮೊದಲಿನ ರ‍್ಯಾಂಕಿಂಗ್ ಮೇಲೆ. ಆ ದಿನದ ನಂತರ ಗೆದ್ದ ಅಂಕ ಆ ಸಲಕ್ಕೆ ಉಪಯೋಗಕ್ಕಿಲ್ಲ. ಹಾಗಾಗಿ ಗೋಡೆ ಕ್ಯಾಲೆಂಡರ್‌ನಲ್ಲಿ ಆ ದಿನಾಂಕವನ್ನು ಮೊದಲು ಗುರುತಿಸಿ, ಕಳೆದ ವರ್ಷದ ಯಾವ ಅಂಕ ಅದಕ್ಕೂ ಮುಂಚೆ ಕಳಚಿ ಬೀಳುತ್ತದೆ ಎಂದು ಬೇರೆ ಬಣ್ಣದಲ್ಲಿ ಬರೆದು, ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಟೂರ್ನಿಗಳನ್ನು ಆರಿಸಿ.